ಮುಖವಾಡದವನ ಮೇಲೆ ಕೇಸು

“ಮೂವತ್ತೊಂದು ವರ್ಷ ಪೊಲೀಸ್ ಇಲಾಖೆಯ ಅನ್ನ ತಿಂದಿದೀನಿ ಮೇಷ್ಟ್ರೇ, ಒಬ್ಬರ ಮೇಲೂ ಕೈ ಎತ್ತಿದವನಲ್ಲ. ಸದರಿ ಕೈ ಪೆನ್ನು ಬಿಟ್ಟು ಬೇರೇನೂ ಹಿಡಿದಿಲ್ಲ.”

ಈ ಮಾತನ್ನು ಸಿದ್ದಮಲ್ಲಪ್ಪನವರು ನನಗೆ ಹೇಳಿದ್ದು ಕಡಿಮೆಯೆಂದರೆ ನಾಲ್ಕು ಸಾವಿರ ಸಲ. ಅಷ್ಟೂ ಸಲ ನಿಂತಲ್ಲೇ ನಿಂತು ಹೇಳಿದರು. ನಡೆಯುವಾಗ ಅವರು ಮಾತಾಡುವಂತಿರಲಿಲ್ಲ. ನಡಿಗೆಯೆಂಬುದು ಅವರಿಗೆ ಏಕಾಗ್ರತೆಯನ್ನು ಬೇಡುವ ಒಂದು ವ್ರತ. ಎಡಗಾಲಿನ ಹೆಬ್ಬೆರಳಿನಿಂದ ನೆಲವನ್ನು ಮೊದಲು ಮುಟ್ಟಿ ನೋಡಿ, ಒಣಗಿದೆಯೆಂದು ಖಾತ್ರಿಯಾದ ಮೇಲೆ ಹಿಮ್ಮಡಿ ಊರಿ, ಆಮೇಲೆ ಬಲಗಾಲನ್ನು ಹೊರಡಿಸುವರು. ಯಾರ ಮನೆಯ ಬಾಗಿಲಲ್ಲಾದರೂ ನೀರು ಚಿಮುಕಿಸಿದ್ದರೆ ರಸ್ತೆಯ ಆಚೆ ಬದಿಗೆ ದಾಟುವರು. ಅವರು ಬಸ್ ಸ್ಟ್ಯಾಂಡಿನಿಂದ ಮನೆಗೆ ಹೊರಟಾಗ ದಾರಿಯಲ್ಲಿ ಕಂಡ ಕರು, ಅವರು ಮನೆ ಸೇರುವ ಹೊತ್ತಿಗೆ ಹಾಲು ಕೊಡುತ್ತಿತ್ತೆಂದು ನಂಜನಗೂಡಿನಲ್ಲಿ ಹೇಳುತ್ತಿದ್ದರು, ಹೇಳುತ್ತಿದ್ದವನು ನಾನೇ. ಅದೇ ಊರಿನಲ್ಲಿ ಹುಟ್ಟಿ ಬೆಳೆದವರು, ಹಣೆಯ ವಿಭೂತಿ ಒಂದು ದಿನ ಮಾಸಿದ್ದಿಲ್ಲ. ಆದರೂ ಕಪಿಲೆಯ ಸೋಪಾನಗಳಲ್ಲಿ ಮೇಲಿನ ಎರಡನ್ನು ಬಿಟ್ಟು ಕೆಳಗಿಳಿದವರಲ್ಲ. ಯಾರಾದರೂ ಚೊಂಬಿನಲ್ಲಿ ನೀರು ತಂದುಕೊಟ್ಟರೆ ಅಲ್ಲೇ ಕುಳಿತು ತಲೆಗೆ ಸುರಿದುಕೊಂಡು ಪುನೀತರಾಗುವರು.

ಠಾಣೆಯ ದಿನಚರಿ, ಹೇಳಿಕೆ, ಮಹಜರು ಎಲ್ಲವನ್ನೂ ಬರೆಯುವ ರೈಟರ್ ಆಗಿ ಅವರು ಸವೆಸಿದ ಆಯುಷ್ಯದಲ್ಲಿ ಅವರಿಗೆ ದಕ್ಕಿದ್ದು ಎರಡು: ಒಂದು ಕೋಟು, ಒಂದು ಶಬ್ದ. ಕೋಟು ಇಲಾಖೆಯ ಖಾಕಿಯದೇ. ನಿವೃತ್ತರಾದ ಮೇಲೆ ಕಪ್ಪು ಬಣ್ಣ ಹಾಕಿಸಿದ್ದರು, ಆದರೆ ಮೊಣಕೈ ಬಳಿ ಹಳೆಯ ಸರ್ಕಾರ ಮತ್ತೆ ಮತ್ತೆ ತಲೆಹಾಕುತ್ತಿತ್ತು. ಶಬ್ದವೆಂದರೆ ‘ಸದರಿ’. ಸದರಿ ಇಡ್ಲಿ, ಸದರಿ ನೆಗಡಿ, ಸದರಿ ಹೆಂಡತಿ. ಅವರ ಪತ್ನಿ ಗುರುಸಿದ್ದಮ್ಮನವರು ಒಮ್ಮೆ ನನ್ನೆದುರೇ, “ನಾನು ಮದುವೆ ಆದದ್ದು ಇವರನ್ನೋ, ಇವರ ರಿಜಿಸ್ಟರನ್ನೋ, ಇವತ್ತಿಗೂ ಗೊತ್ತಿಲ್ಲ ಕಣ್ರೀ” ಎಂದು ಕಾಫಿ ಲೋಟವನ್ನು ಕುಕ್ಕಿದ್ದರು.

ಸಾವಿರದ ಒಂಬೈನೂರ ಎಪ್ಪತ್ತಾರರಲ್ಲಿ ನಿವೃತ್ತರಾದವರು ಮೈಸೂರಿನ ಹಳೆ ಪುಸ್ತಕದಂಗಡಿಗಳಿಂದ ಒಂದು ಟ್ರಂಕಿನ ತುಂಬ ಕಾಮಿಕ್ಸ್ ಪುಸ್ತಕಗಳನ್ನು ಹೊತ್ತು ತಂದು, ನಂಜನಗೂಡಿನ ಬಸ್ ಸ್ಟ್ಯಾಂಡಿನ ಪಕ್ಕದ ಮಳಿಗೆಯಲ್ಲಿ ಬಾಡಿಗೆಗೆ ಕೊಡುವ ಲೈಬ್ರರಿ ತೆರೆದರು. “ಜೀವಮಾನವೆಲ್ಲ ಡೈರಿ ಬರೆದೆ, ಇನ್ನು ಕತೆ ಓದೋಣ ಅಂತ ತಂದೆ ಮೇಷ್ಟ್ರೇ. ನೋಡಿದ್ರೆ ಸದರಿ ಕತೇಲೂ ಬರೀ ಹೊಡೆದಾಟ! ಒಂದು ಹೇಳಿಕೆ ಇಲ್ಲ, ಒಂದು ಸಾಕ್ಷಿ ಇಲ್ಲ.” ಆ ಪುಸ್ತಕಗಳಲ್ಲಿ ಮುಖವಾಡ ತೊಟ್ಟು, ಒಳಚಡ್ಡಿಯನ್ನು ಪ್ಯಾಂಟಿನ ಮೇಲೆ ಏರಿಸಿ, ಮಹಡಿಯಿಂದ ಮಹಡಿಗೆ ನೆಗೆಯುವ ಒಬ್ಬ ವೀರ ತಪ್ಪದೆ ಇರುತ್ತಿದ್ದ. ಅವನನ್ನು ಸುಮ್ಮನೆ ಬಿಡಲು ರೈಟರ ಮನಸ್ಸು ಒಪ್ಪಲಿಲ್ಲ. ಪ್ರತಿ ಪುಸ್ತಕದ ಕಡೆಯ ಹಾಳೆಯಲ್ಲಿ, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ, ಪೆನ್ಸಿಲಿನಿಂದ ಕೇಸು ಬರೆಯತೊಡಗಿದರು. ಕಿಟಕಿಯಿಂದ ಒಳನುಗ್ಗಿದ್ದಕ್ಕೆ ಗೃಹ ಅತಿಕ್ರಮಣ, ಕಲಂ ನಾನ್ನೂರ ನಲವತ್ತೆಂಟು. ದವಡೆ ಮುರಿದದ್ದಕ್ಕೆ ಮುನ್ನೂರ ಇಪ್ಪತ್ತೈದು. ಖಳನನ್ನು ದೀಪದ ಕಂಬಕ್ಕೆ ಕಟ್ಟಿ ಹಾರಿಹೋದದ್ದಕ್ಕೆ ಅಕ್ರಮ ಬಂಧನ, ಮುನ್ನೂರ ನಲವತ್ತೆರಡು. “ಹನ್ನೊಂದು ಜನಕ್ಕೆ ಗಾಯ, ಒಬ್ಬರಿಗೂ ಆಸ್ಪತ್ರೆ ಚೀಟಿ ಪಡೆದಿರುವುದಿಲ್ಲ” ಎಂದು ಕೊನೆಗೆ ಷರಾ. ಎರಡು ವರ್ಷದಲ್ಲಿ ಜನ ಚಿತ್ರಗಳನ್ನು ಬಿಟ್ಟು ಕಡೆಯ ಹಾಳೆಯನ್ನೇ ಓದತೊಡಗಿದರು. ಕಾರ್ಖಾನೆಯ ಪಾಳಿ ಮುಗಿಸಿ ಬಂದವರು “ಇವತ್ತು ಯಾವ ಕಲಮ್ಮು ಸಾ?” ಎಂದೇ ಕೇಳುತ್ತಿದ್ದರು.

ಕಂಡಕ್ಟರ್ ಚಿಕ್ಕಸ್ವಾಮಿಗೆ ಮಾತ್ರ ಇದನ್ನು ಸಹಿಸಲಾಗುತ್ತಿರಲಿಲ್ಲ. “ಕಳ್ಳನಿಗೆ ನಾಕು ಬಿಡದೆ, ವಾರಂಟು ಬರ್ಲಿ ಅಂತ ಕಾಯ್ಕೊಂಡ್ ಕೂತ್ರೆ ಲೋಕ ಉದ್ಧಾರ ಆಯ್ತು ಬುಡಿ ಸಾ!”

“ಅವನು ಕಳ್ಳ ಅಂತ ನಿನಗೆ ಹೇಗಪ್ಪ ಗೊತ್ತು?”

“ಕೊನೇಲಿ ಗೊತ್ತಾಯ್ತದಲ್ಲ!”

“ಕೊನೇ ಪುಟ ಓದಿದೀಯ, ಅದಕ್ಕೆ ಗೊತ್ತು. ಮುಖವಾಡದವನು ಹೊಡೆದದ್ದು ಮೂರನೇ ಪುಟದಲ್ಲಿ.”

ಚಿಕ್ಕಸ್ವಾಮಿ ಟಿಕೆಟ್ ಹರಿಯುವುದನ್ನೂ ಮರೆತು ಸುತ್ತೂರಿನವರೆಗೆ ಯೋಚಿಸಿದನಂತೆ. ಖಳನನ್ನು ಒಪ್ಪಿಸಿಕೊಂಡು ಮುಖವಾಡದವನ ಕೈ ಕುಲುಕುವ ಇನ್ಸ್‌ಪೆಕ್ಟರನ ಮೇಲೆ ರೈಟರಿಗೆ ಇನ್ನೂ ಹೆಚ್ಚಿನ ಸಿಟ್ಟು. “ಮುಖವಾಡ ಯಾಕೆ ಹಾಕ್ಕೋತಾನೆ ಹೇಳಿ? ಹೆಸರು ಡೈರೀಲಿ ಬರಬಾರದು ಅಂತ. ಸದರಿ ಇನ್ಸ್‌ಪೆಕ್ಟರಿಗೆ ಇದು ಗೊತ್ತು, ಅದಕ್ಕೇ ಕೈ ಕುಲುಕ್ತಾನೆ” ಎನ್ನುವರು. ಅದರ ಬೆನ್ನಿಗೇ, ಕೈ ಎತ್ತದ ಮೂವತ್ತೊಂದು ವರ್ಷಗಳ ಆ ಮಾತು ಬರುತ್ತಿತ್ತು.

ಸಂತೆಯ ದಿನ ಟ್ರಂಕನ್ನು ಬಸ್ಸಿನ ಮೇಲೇರಿಸಿ ತಿ. ನರಸೀಪುರಕ್ಕೆ ಬರುವರು, ನಾನಾಗ ನಂಜನಗೂಡಿನಿಂದ ಓಡಾಡಿಕೊಂಡು ಅಲ್ಲಿನ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ. ದರ್ಜಿ ಮಾರಯ್ಯನ ಅಂಗಡಿಯ ಜಗಲಿಯಲ್ಲಿ ಅವರ ಪುಸ್ತಕಗಳ ಸಾಲು. ಮಾರಯ್ಯ ನನ್ನದೊಂದು ಪ್ಯಾಂಟನ್ನು ಮೂರು ಯುಗಾದಿಗಳಿಂದ ಹೊಲಿಯುತ್ತಿದ್ದ. ಬಟ್ಟೆ ಅವನಲ್ಲೇ ಇತ್ತು, ನನ್ನ ಸೊಂಟದ ಅಳತೆ ಮಾತ್ರ ಹಿಗ್ಗುತ್ತಿತ್ತು. ಅವನ ಎಡಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ವಾರಕ್ಕೊಂದು ಪುಸ್ತಕ ತೆಗೆದುಕೊಂಡು, ಹೊಲಿಗೆಯ ನಡುವೆ ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದ.

ಎಂಬತ್ತೆರಡರ ಒಂದು ಸಂತೆಯ ದಿನ, ಪುಸ್ತಕ ಹಿಂತಿರುಗಿಸುತ್ತ ಅವನು ಕೇಳಿದ: “ಸಾ, ಮುಖವಾಡದೋನ ಮ್ಯಾಲೆ ಕೇಸು ಆಕಿದ್ದೀರಿ. ಸರಿ. ಮುಖವಾಡ ಒಲಿದುಕೊಟ್ಟೋನ ಮ್ಯಾಲೆ?”

“ಅವನೇನಯ್ಯ ಮಾಡಿದ? ಸದರಿಯವನು ನಿನ್ನ ಹಾಗೆ ದರ್ಜಿ.”

“ಒಡೆದೋನ ಮಖ ಯಾರ್ಗೂ ಕಾಣ್ದಂಗೆ ಮಾಡ್ದೋನು ಅವ್ನೇ ಅಲ್ವ ಸಾ?”

ಸಿದ್ದಮಲ್ಲಪ್ಪನವರು ನಕ್ಕರು. ಜಗಲಿಯಲ್ಲಿದ್ದ ಏಳೆಂಟು ಜನರತ್ತ ತಿರುಗಿ, “ನೋಡ್ರಪ್ಪ, ಮೂವತ್ತೊಂದು ವರ್ಷ, ಒಬ್ಬರ ಮೇಲೂ...” ಎಂದು ಆರಂಭಿಸಿದರು.

ಮಾರಯ್ಯ ಮಿಷನ್ನಿನ ಚಕ್ರವನ್ನು ಅಂಗೈಯಿಂದ ತಡೆದು ನಿಲ್ಲಿಸಿದ. “ದಿಟ ಸಾ. ನೀವು ಒಡೀಲಿಲ್ಲ. ನಂಗೆ ಒಡೆದೋರು ಬ್ಯಾರೆ ಇಬ್ರು. ಬಾವಿ ಮೆಟ್ಲಲ್ಲಿ ಜಾರಿಬಿದ್ದು ಬೆಳ್ಳು ಮುರ್ಕಂಡ ಅಂತ ನೀವು ಬರೆದ್ರಿ. ಆ ಟೇಸನ್ನಲ್ಲಿ ಬಾವಿ ಎಲ್ಲಿತ್ತು ಸಾ? ಇದ್ದದ್ದು ಒಂದು ನಲ್ಲಿ.”

ಸಂತೆಯ ಗದ್ದಲ ನಡೆದೇ ಇತ್ತು. ಜಗಲಿಯಲ್ಲಿದ್ದವರು ಪುಸ್ತಕ ಮಡಚಿ ಇತ್ತ ತಿರುಗಿದರು.

“ಬಟ್ಟೆ ಕದ್ದೆ ಅಂತ ಇಡ್ಕಂಡೋಗಿದ್ರಿ. ನಂಗೆ ಓದಕ್ಕೆ ಬತ್ತಿರ್ಲಿಲ್ಲ. ನೀವೇ ಕೈ ಇಡ್ಕಂಡು ಎಬ್ಬೆಟ್ಟು ಒತ್ತುಸ್ಕಂಡ್ರಿ. ಕೋರ್ಟಲ್ಲಿ ಓದ್ದಾಗ್ಲೇ ಗೊತ್ತಾಗಿದ್ದು ನಂಗೆ, ನಾನು ಜಾರಿಬಿದ್ದಿದೀನಿ ಅಂತ. ಕೇಸು ಬಿದ್ದೋಯ್ತು. ಬೆಳ್ಳು ಇಂಗೇ ಉಳೀತು. ಅದ್ಕೇ ಸಾ, ಈ ವಯಸ್ಸಲ್ಲಿ ಓದು ಕಲ್ತೆ.”

ಅದು ಯಾವ ಠಾಣೆಯೆಂದು ಅವನೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಸಿದ್ದಮಲ್ಲಪ್ಪನವರಿಗೆ ಅವನ ಮುಖ ನೆನಪಿರಲಿಲ್ಲ. ಅವರು ಮುಖ ನೋಡಿ ಬರೆದವರಲ್ಲವಲ್ಲ. ಊರೂರಿಗೆ ಹೊತ್ತು ತಿರುಗಿದ, ‘ಕೈ ಎತ್ತಿದವನಲ್ಲ’ ಎಂಬ ಅವರ ಆ ಆಸ್ತಿ ಎಂಟು ಜನರೆದುರು ಜಗಲಿಯ ಮೇಲೆ ಬಿದ್ದಿತ್ತು. ಅದನ್ನು ಹಾಗೇ ಎತ್ತಿ ಕೋಟಿನೊಳಗೆ ಸೇರಿಸಿಕೊಂಡು ಬಸ್ಸು ಹತ್ತುವರೆಂದೇ ನಾನು ತಿಳಿದೆ. ಅವರು ಪೆನ್ಸಿಲು ತೆಗೆದರು. ಮಾರಯ್ಯ ಹಿಂತಿರುಗಿಸಿದ ಪುಸ್ತಕದ ಕಡೆಯ ಹಾಳೆಯಲ್ಲಿ, ಮುಖವಾಡದವನ ಕೇಸಿನ ಕೆಳಗೆ ಗೆರೆ ಎಳೆದು ಬರೆದರು, ಬರೆದದ್ದನ್ನು ಈ ಸಲ ಗಟ್ಟಿಯಾಗಿ ಓದಿ ಹೇಳಿದರು: “ಫಿರ್ಯಾದಿ, ಮಾರಯ್ಯ, ದರ್ಜಿ. ಆರೋಪಿ, ಸಿದ್ದಮಲ್ಲಪ್ಪ, ರೈಟರ್. ಹೊಡೆದವರನ್ನು ಉಳಿಸಲು ಸುಳ್ಳು ದಾಖಲೆ ಬರೆದದ್ದು, ಕಲಂ ಇನ್ನೂರ ಹದಿನೆಂಟು. ಸ್ಥಳದಲ್ಲಿ ಬಾವಿ ಇರುವುದಿಲ್ಲ.” ಪುಸ್ತಕವನ್ನು ಅವನತ್ತ ಚಾಚಿದರು.

ಮಾರಯ್ಯ ಪುಸ್ತಕ ತೆಗೆದುಕೊಂಡು ತಾನೂ ಓದಿದ. ನಿಧಾನವಾಗಿ, ಎರಡು ಸಲ. ಆಮೇಲೆ ಸಹಿ ಮಾಡಿದ.

ಅಂದಿನಿಂದ ಆ ಹೆಮ್ಮೆಯ ಮಾತು ನಿಂತುಹೋಯಿತು, ಲೈಬ್ರರಿ ನಿಲ್ಲಲಿಲ್ಲ. ಪ್ರತಿ ಸಂತೆಗೂ ಮಾರಯ್ಯ “ನಮ್ ಕೇಸು ಏನಾಯ್ತು ಸಾ?” ಎನ್ನುವನು, ಅವರು “ತನಿಖೆಯಲ್ಲಿದೆ ಕಣಯ್ಯ, ಟೀ ತರಿಸು” ಎನ್ನುವರು. ಕ್ಷಮೆ ಯಾರೂ ಕೇಳಲಿಲ್ಲ, ಯಾರೂ ಕೊಡಲಿಲ್ಲ; ಟೀ ಮಾತ್ರ ವರ್ಷಗಟ್ಟಲೆ ಬಂತು. ನನ್ನ ಪ್ಯಾಂಟಿಗಿಂತ ಮೊದಲೇ ಅವರ ಕೋಟಿಗೆ ಒಂದು ಪೆನ್ಸಿಲ್ ಜೇಬು ಹೊಲಿಯಲಾಯಿತೆಂಬುದನ್ನು ಇಲ್ಲಿ ನೋವಿನಿಂದ ದಾಖಲಿಸುತ್ತೇನೆ.

ಏಟು ಹೊಡೆಯುವವರ ಕತೆಗಳಿಗೆ ಲೋಕದಲ್ಲಿ ಬರವಿಲ್ಲ; ಅವರಿಗೆ ಬಣ್ಣಬಣ್ಣದ ಚಿತ್ರಗಳೂ ಇವೆ. ಏಟೇ ಬಿದ್ದಿಲ್ಲವೆಂದು ದುಂಡಾದ ಅಕ್ಷರದಲ್ಲಿ ಬರೆದಿಟ್ಟು, ಸಂಜೆ ಕೈಕಾಲು ತೊಳೆದು ವಿಭೂತಿ ಧರಿಸಿ ಊಟಕ್ಕೆ ಕೂರುವ ಸಾತ್ವಿಕರನ್ನು ಯಾರೂ ಚಿತ್ರಿಸುವುದಿಲ್ಲ. ಅವರು ಕೆಟ್ಟವರಲ್ಲ, ಅವರಿಲ್ಲದೆ ಕೆಟ್ಟವರಿಗೆ ಒಂದು ದಿನವೂ ಸಾಗುವುದಿಲ್ಲ, ಅಷ್ಟೆ. ಅಂಥವರಲ್ಲಿ ಸಾವಿರಕ್ಕೊಬ್ಬರು ತಮ್ಮ ಹೆಸರನ್ನು ಸರಿಯಾದ ಕಾಲಂನಲ್ಲಿ ಬರೆದುಕೊಳ್ಳುತ್ತಾರೆ.

ಇದನ್ನೆಲ್ಲ ಬರೆಯುವ ಮೊದಲು ಅವರನ್ನು ಕೇಳಿದೆ. “ನಿಮ್ಮ ವಿಷಯ ಬರೀತಿದೀನಿ. ಗಾಬರಿಯಾಗಬೇಡಿ, ಮೃದುವಾಗಿ ಬರೀತೀನಿ.”

ಅವರು ಹೆಬ್ಬೆರಳಿನಿಂದ ನೆಲ ಮುಟ್ಟಿ ನೋಡಿ, ಹಿಮ್ಮಡಿ ಊರಿ, ನಿಂತರು.

“ಮೃದುವಾಗಿ ಬೇಡ ಮೇಷ್ಟ್ರೇ. ಹಾಗೆ ಬರೆಯೋದು ನನಗೂ ಬರ್ತಿತ್ತು.”