ಕೆಂಪು ಬಟನ್

ನಡುಮನೆಯಿಂದ ‘ಚಟ್’ ಎಂದು ಸಣ್ಣ ಸದ್ದು ಬಂತು. ಮಧ್ಯರಾತ್ರಿ ದಾಟಿತ್ತು. ನಾನು ಎದ್ದು ಬರುವಷ್ಟರಲ್ಲಿ ಅತ್ತೆಯ ಕೋಣೆಯ ಬಾಗಿಲು ಮುಚ್ಚಿಕೊಂಡಿತು. ಕತ್ತಲಲ್ಲಿ ನಮ್ಮ ಹಾಡಿನ ಪೆಟ್ಟಿಗೆ ನಿಂತಿತ್ತು. ಅದರ ಹಸಿರು ದೀಪ ಆರಿಹೋಗಿತ್ತು.

ವಸಂತನರಸಾಪುರದ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿರುವ ನನ್ನ ಗಂಡ ಗುರುಪ್ರಕಾಶ್, ರಜೆ ಸಿಕ್ಕಾಗಲೆಲ್ಲ ಕೂತು ಮಾಡಿದ ಪೆಟ್ಟಿಗೆ ಅದು. ಎದೆಯೆತ್ತರದ ಪ್ಲೈವುಡ್ ಗೂಡು, ಒಳಗೆ ಅಂಗೈಯಗಲದ ಕಂಪ್ಯೂಟರ್ ಬೋರ್ಡು, ಸ್ಪೀಕರು. ಮುಂದೆ ದೊಡ್ಡ ದೊಡ್ಡ ಬಣ್ಣದ ಬಟನ್‌ಗಳು. ಒತ್ತಿದ ಬಟನ್ನಿನ ಹಾಡು ಬರುತ್ತದೆ. ಕಣ್ಣು ಮಂಜಾದ ಅತ್ತೆಗೆ ಫೋನಿನಲ್ಲಿ ಹಾಡು ಹುಡುಕಲು ಆಗುವುದಿಲ್ಲವೆಂದೇ ಇಷ್ಟೆಲ್ಲ.

ಕೆಂಪು ಬಟನ್ ಮಾತ್ರ ನನ್ನದು. ತೀರಿಹೋದ ಮಾವ ಕಡಬದ ಊರಮನೆಯ ಜಗಲಿಯಲ್ಲಿ ಭಜನೆ ಹಾಡಿದ್ದ ಹಳೆಯ ಕ್ಯಾಸೆಟ್ಟನ್ನು ಪೆಟ್ಟಿಗೆಯ ಮೆಮೊರಿ ಕಾರ್ಡಿಗೆ ಇಳಿಸಿದವಳು ನಾನು. ಇಳಿಸಿದ ಮೇಲೆ ಟೇಪು ತುಂಡಾಗಿ ಹಾಳಾಯಿತು. ಇನ್ನೊಂದು ಕಾಪಿ ನಾಳೆ ಮಾಡೋಣ, ನಾಳೆ ಮಾಡೋಣ ಎಂದೇ ದಿನ ಕಳೆದಿದ್ದೆ.

ಅಪ್ಪನ ದನಿ ಕೇಳುತ್ತಲೇ ಗುರು ಕಣ್ಣೊರೆಸಿಕೊಂಡು ಎದ್ದು ಹೋಗಿದ್ದರು. ಕೊನೆಯವರೆಗೂ ಕೇಳಿದ್ದು ನಾನೊಬ್ಬಳೇ. ಹಾಡು ಮುಗಿದು ತಾಳ ನಿಂತ ಮೇಲೆ ಮಾವ ಒಳಮನೆಯ ಕಡೆಗೆ ಕೂಗುತ್ತಾರೆ: “ರುದ್ರಮ್ಮಾ, ಒಂದ್ ಚೊಂಬು ನೀರ್ ಕೊಡೇ, ಗಂಟ್ಲೆಲ್ಲಾ ಒಣಗೋಯ್ತು.”

ಆ ಕೂಗು ಆಗ ಅತ್ತೆ ಶಿವರುದ್ರಮ್ಮನ ಕಿವಿಗೆ ಬಿದ್ದಿರಲಿಕ್ಕಿಲ್ಲ. ಅವರು ಎಷ್ಟೋ ಸಲ ಹೇಳಿದ್ದರು: “ಬದುಕಿರೋಗಂಟ ನಿಮ್ ಮಾವ ನನ್ನ ಹೆಸ್ರಿಡ್ದು ಕರೀಲೇ ಇಲ್ಲ ಕಣಮ್ಮ. ಬರೀ ‘ಏಯ್’, ‘ಇವ್ಳೇ’, ಅಷ್ಟೇಯ.” ಮಾವನ ಪುಣ್ಯಸ್ಮರಣೆಯ ದಿನ ಆ ಬಟನ್ನನ್ನು ಅವರ ಕೈಯಿಂದಲೇ ಒತ್ತಿಸಬೇಕೆಂದು ನಾನು ಈ ಗುಟ್ಟನ್ನು ಗಂಡನಿಗೂ ಹೇಳಿರಲಿಲ್ಲ.

‘ಚಟ್’ ಎಂದ ಆ ರಾತ್ರಿ ಕಳೆದರೆ ಆ ದಿನವೇ ಬಂದಿತ್ತು. ಬೆಳಿಗ್ಗೆ ಗುರು ಯಾವ ಬಟನ್ ಒತ್ತಿದರೂ ಪೆಟ್ಟಿಗೆ ಉಸಿರೆತ್ತಲಿಲ್ಲ. ಕುಣಿಗಲ್ಲಿನಿಂದ ಆಗಷ್ಟೇ ಬಂದಿಳಿದ ಗುರುವಿನ ಅಕ್ಕನ ಗಂಡ ಚನ್ನೇಶ್ ಭಾವ ನಕ್ಕರು: “ಏನ್ಲಾ ಗುರು, ಹಾಡ್ತೈತೆ ಅಂದೆ? ಇದ್ರೊಳಗೆ ರಾಗಿ ತುಂಬಿಡು ಬುಡು, ಇಲಿ ಹೋಗಕಿಲ್ಲ.”

“ನನ್ನ ಸಾಲ್ಡರಿಂಗೇ ಕೈ ಕೊಟ್ಟೈತೆ ಭಾವ,” ಎಂದ ಗುರುವಿನ ಮುಖದಲ್ಲಿ ರಕ್ತವಿರಲಿಲ್ಲ. “ಬೇರೆ ಬೋರ್ಡ್ ತರ್ತೀನಿ. ನಂದಿತಾ, ನೀನು ಕಾರ್ಡ್ ತೆಗ್ದು ನೋಡು, ಅಪ್ಪನ್ ದನಿ ಉಳ್ಕೊಂಡೈತಾ ಅಂತ.”

ಹಿಂದಿನ ಹಲಗೆ ಬಿಚ್ಚಿದೆ. ಬೋರ್ಡಿನ ಮೇಲೆ ಒದ್ದೆ ವಿಭೂತಿ, ಅದಕ್ಕೆ ಅಂಟಿದ ಒಂದು ಬಿಲ್ವಪತ್ರೆ. ಮೇಲಿನ ಗಾಳಿಕಿಂಡಿಯಿಂದ ಪೂಜೆಯ ನೀರು ಇಳಿದಿತ್ತು.

ತಲೆಯೆತ್ತಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು. “ಹೊಸ ಮಿಷಿನ್ನು. ಅದ್ರಾಗೆ ಅವ್ರೂ ಅವ್ರೆ. ಪೂಜೆ ಇಲ್ದೆ ಹೆಂಗಮ್ಮ ಶುರು ಮಾಡೋದು? ಗುರು ಬೈತಾನೆ ಅಂತ ರಾತ್ರಿನೇ ಮಾಡ್ದೆ. ಕೆಟ್ಟೋಯ್ತಾ?”

“ಇಲ್ಲ ಅತ್ತೆ. ನೀವು ಎಡೆ ನೋಡ್ಕೊಳ್ಳಿ, ಹೋಗಿ.”

ವಿಭೂತಿ, ಪತ್ರೆ ಗುರುವಿನ ಕಣ್ಣಿಗೆ ಬೀಳದಂತೆ ತೆಗೆದು, ಕಾರ್ಡನ್ನು ಒರೆಸಿ ಲ್ಯಾಪ್‌ಟಾಪಿಗೆ ಹಾಕಿದೆ. ಹಾಡುಗಳೆಲ್ಲ ಕಾಪಿಯಾದವು. ಮಾವನದು ಮಾತ್ರ ಕೊನೆಗೆ ಬಂದು ನಿಂತುಬಿಟ್ಟಿತು. ಮತ್ತೆ ಹಾಕಿದೆ, ಮತ್ತೆ ಅಲ್ಲೇ ನಿಂತಿತು. ಸಿಕ್ಕಷ್ಟನ್ನು ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ಹಾಡು ಪೂರ್ತಿ ಇತ್ತು. ತಾಳ ನಿಂತಿತು, ಮಾವ ಉಸಿರೆಳೆದುಕೊಂಡರು. ಆಮೇಲೆ ಏನೂ ಇಲ್ಲ.

ಗುರು ಹೊಸ ಬೋರ್ಡ್ ಜೋಡಿಸುವಷ್ಟರಲ್ಲಿ ಗುಬ್ಬಿ, ಅಮೃತೂರಿನ ನೆಂಟರೆಲ್ಲ ಬಂದು ಕೂತಿದ್ದರು. ಅತ್ತೆ ತಡವರಿಸಿ ಕೆಂಪು ಬಟನ್ ಒತ್ತಿದರು. ಮಾವನ ದನಿ ಮನೆ ತುಂಬಿತು. ಚನ್ನೇಶ್ ಭಾವನೂ ತಲೆ ತಗ್ಗಿಸಿದರು. ಹಾಡು ಮುಗಿದರೂ ಅತ್ತೆ ಪೆಟ್ಟಿಗೆಯ ಮೇಲಿಟ್ಟ ಅಂಗೈ ತೆಗೆಯಲಿಲ್ಲ.

“ಅಪ್ಪನ್ ದನಿ ಪೂರ್ತಿ ಉಳ್ಕೊಂತು ಕಣೇ,” ಎಂದು ಗುರು ನನ್ನ ಕಡೆ ನೋಡಿ ನಕ್ಕರು.

“ಹಾಡು ಮುಗೀತಿದ್ದಂಗೆ ನೀರು ಕೇಳೋರು,” ಎಂದರು ಅತ್ತೆ. “‘ಏಯ್, ನೀರು’ ಅನ್ನೋರು. ಅಷ್ಟೇಯ.” ಎಲ್ಲರೂ ನಕ್ಕರು. ಅವರು ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು ಪೆಟ್ಟಿಗೆಯ ಮೇಲಿಡಲು ಕೈ ಎತ್ತಿದರು.

ನಾನು ಮುಂದೆ ಹೋಗಿ ಚೊಂಬನ್ನು ಅವರ ಕೈಯಿಂದ ಇಸಿದುಕೊಂಡೆ. ಮಂಜುಗಣ್ಣಿನಲ್ಲೇ ಅವರು ನನ್ನ ಮುಖ ಹುಡುಕಿದರು.

“ಇನ್ನೇನಾರ ಅಂದಿದ್ರಾ ಅವ್ರು, ನಂದಿತಾ? ಕ್ಯಾಸೆಟ್ ಕೇಳ್ದೋಳು ನೀನೇ ಅಲ್ವಾ?”

ಹೇಳಿದರೆ, ಅದನ್ನು ಅಳಿಸಿದ್ದು ಯಾರ ಕೈಯ ನೀರು ಎಂದು ಅವರಿಗೆ ಹೊಳೆಯದೆ ಇರುತ್ತದೆಯೇ?

“ಇಲ್ಲ ಅತ್ತೆ. ಹಾಡು ಅಷ್ಟೇ.”

ಚೊಂಬನ್ನು ಮಾವನ ಪಟದ ಮುಂದೆ, ನೆಲದ ಮೇಲಿಟ್ಟೆ. ಗುರುವಿಗೂ ಹೇಳಬಾರದು, ಯಾರಿಗೂ ಹೇಳಬಾರದು ಎಂದು ಬಗ್ಗಿದಲ್ಲೇ ತೀರ್ಮಾನಿಸಿದೆ.