ಹಗಲಿನ ಸೊಳ್ಳೆ

ಗವಿಸಿದ್ದಪ್ಪನ ಮನೆಯಲ್ಲಿ ಸೊಳ್ಳೆ ಪರದೆ ಇರಲಿಲ್ಲ. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ಅದು ಬೇಕೆನಿಸಿದ್ದು ಅವನೊಬ್ಬನಿಗೆ. ಮಗಳು ಶಂಕ್ರವ್ವ ರಾಜೂರಿನ ಗಂಡನ ಮನೆಯಿಂದ ಹೆರಿಗೆಗೆ ಬಂದಿದ್ದಳು. ಹಿಂದಿನ ವರ್ಷ ಅವಳ ಚೊಚ್ಚಲ ಬಸಿರು ಚಳಿಜ್ವರದಲ್ಲಿ ಇಳಿದುಹೋಗಿತ್ತು. ಚಳಿಜ್ವರ ಹರಡುವುದು ಸೊಳ್ಳೆಯಿಂದ, ಅದು ಕಡಿಯುವುದು ರಾತ್ರಿ ಎಂದು ರೋಣದ ಡಾಕ್ಟರು ಆಗಲೇ ಹೇಳಿದ್ದರು. ಈ ಕೂಸನ್ನು ಸೊಳ್ಳೆಯ ಬಾಯಿಗೆ ಕೊಡಲಾರೆನೆಂದು ಗವಿಸಿದ್ದಪ್ಪ ಹಟ ಹಿಡಿದ.

ಮನೆಮುಂದಿನ ಗಟಾರಕ್ಕೆ ಬೂದಿ ಸುರಿದ. ಪರದೆ ಕೊಳ್ಳಲು ಗದಗಿಗೆ ಹೋಗೋಣವೆಂದು ಹೆಂಡತಿ ಸಾವಕ್ಕ ಅಂದಾಗ ಮಾತ್ರ ಅವನಿಗೆ ಸಿಟ್ಟು ಬಂತು. ಹುಟ್ಟಿದಂದಿನಿಂದ ಮಗ್ಗದ ಸಪ್ಪಳ ಕೇಳಿದವನು ಅರಿವೆ ಕೊಳ್ಳಲು ಪೇಟೆಗೆ ಹೋಗುವುದೇ? ಕೈಯಲ್ಲಿದ್ದ ಸೀರೆ ಮುಗಿಸಿ ಮಗ್ಗಕ್ಕೆ ಪರದೆಯ ಹಾಸುನೂಲು ಹೂಡಿದ. ಹಣಿಗೆಯ ಹಲ್ಲುಗಳನ್ನು ಒಂದು ಬಿಟ್ಟು ಒಂದು ಖಾಲಿ ಉಳಿಸಿ ಸಣ್ಣ ನೂಲು ಸೇರಿಸಿದ. ಎದುರುಮನೆಯ ಅರ್ಜುನಪ್ಪ ಬಾಗಿಲಲ್ಲಿ ನಿಂತು ನೋಡಿ ನಕ್ಕ.

“ಏನೋ ಗವಿಸಿದ್ದ, ಸೀರಿ ಬಿಟ್ಟು ಜರಡಿ ನೇಯಾಕ ಹತ್ತೀಯೇನು?”

“ನಿನ್ನ ಮಾತು ಸೋಸಾಕ ಬೇಕಾಗೇತಿ” ಎಂದು ಗವಿಸಿದ್ದಪ್ಪ ಲಾಳಿ ಎಸೆದ.

ಅದು ಕುಣಿಮಗ್ಗ. ನೇಯುವವನು ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂಡಬೇಕು. ಕುಣಿಯ ಪಕ್ಕದಲ್ಲಿ, ಲಾಳಿಗೆ ಹಾಕುವ ನೂಲು ಸುತ್ತಿದ ಕಂಡಿಕೆ ನೆನೆಹಾಕುವ ನೀರಿನ ಹರವಿ. ಒಣ ನೂಲು ನೇಯುವಾಗ ಹರಿಯುತ್ತದೆ. ಹರವಿಯ ನೀರನ್ನು ಯಾರೂ ಚೆಲ್ಲುತ್ತಿರಲಿಲ್ಲ, ಕಡಿಮೆಯಾದಷ್ಟು ಸುರಿಯುತ್ತಿದ್ದರು. ಹಳೆಯ ನೀರಿನಲ್ಲಿ ನೂಲು ಹದವಾಗುತ್ತದೆಂದು ಅವನ ಅಪ್ಪ ಹೇಳುತ್ತಿದ್ದ. ತಿಳಿನೀರಿನಲ್ಲಿ ಸಣ್ಣ ಹುಳಗಳು ತಲೆಕೆಳಗಾಗಿ ತೂಗಾಡುತ್ತಿದ್ದವು. ಅವುಗಳನ್ನು ಅಂಗೈಯಿಂದ ಆಚೆ ಸರಿಸಿ ಅವನು ಕಂಡಿಕೆ ಎತ್ತಿಕೊಳ್ಳುತ್ತಿದ್ದ.

ಆಗ ಸಾವಕ್ಕನ ತಮ್ಮ ಮುದಿಯಪ್ಪ ಸೊಲ್ಲಾಪುರದ ಗಿರಣಿಯಿಂದ ಜ್ವರ ಹೊತ್ತು ಬಂದ. ಕಣ್ಣಗುಡ್ಡೆ ನೋವು, ಕೀಲುಕೀಲು ಮುರಿದಂತೆ. ಮನೆಯಲ್ಲಿ ತಂಪಿದ್ದದ್ದು ಮಗ್ಗದ ಕೋಣೆಯೊಂದೇ. ಅಲ್ಲೇ ಚಾಪೆ ಹಾಸಿದರು. ವಾರದೊಳಗೆ ಎದ್ದು, ಅಕ್ಕನ ಕೈಯ ಗಂಜಿ ಗಿರಣಿ ಡಾಕ್ಟರನ ಗುಳಿಗೆಗಿಂತ ವಾಸಿ ಎಂದು ನಗಿಸಿ, ಸೊಲ್ಲಾಪುರಕ್ಕೆ ಮರಳಿದ.

ಶಂಕ್ರವ್ವ ದಿನವಿಡೀ ಕುಣಿಯ ಅಂಚಿಗೆ ಕೂತು ಕಂಡಿಕೆ ಸುತ್ತುತ್ತಿದ್ದಳು. ಸಾವಕ್ಕ ಬೇಡವೆಂದರೂ ಅಪ್ಪನೇ ಕರೆಯುತ್ತಿದ್ದ. ಅವಳಿಗೂ ಹೊತ್ತು ಹೋಗಲಿ, ಪರದೆಯೂ ಲಗೂ ಮುಗಿಯಲಿ ಎಂದು. ಒಂದು ಮುಂಜಾನೆ ಅವಳು ಹಿಮ್ಮಡಿ ಕೆರೆದುಕೊಂಡು ಅಂದಳು:

“ಯಪ್ಪಾ, ಇಲ್ಲಿ ಕಾಲಿಗೆ ಭಾಳ ಕಡೀತಾವ. ನಾ ಪಡಸಾಲ್ಯಾಗ ಕುಂದರತೇನಿ.”

“ಹಗಲಿನ ಸೊಳ್ಳಿ ಏನ್ ಮಾಡತಾವ? ಕೆಟ್ಟವು ರಾತ್ರಿವು. ಇನ್ನೊಂದಿಷ್ಟು ತಡಿ ಮಗಳ, ಪರದಿ ಆಗೇ ಬಿಟ್ಟೇತಿ.”

ಅವಳು ಎದ್ದು ಹೋಗಲಿಲ್ಲ. ಸೀರೆಯ ಸೆರಗನ್ನು ಕಾಲ ಮೇಲೆ ಎಳೆದುಕೊಂಡು ಸುತ್ತುತ್ತಲೇ ಇದ್ದಳು.

ಪರದೆ ಚೆನ್ನಾಗಿ ಬಂತು. ಪಡಸಾಲೆಯಲ್ಲಿ ಕಟ್ಟಿದ ದಿನ ಓಣಿಯ ಹೆಂಗಸರು ಬಂದು ಮುಟ್ಟಿ ನೋಡಿದರು. ಶ್ರಾವಣ ಕಾಲಿಡುವಾಗ ಶಂಕ್ರವ್ವನಿಗೆ ಜ್ವರ ಬಂತು. ಅವಳನ್ನು ಪರದೆಯೊಳಗೇ ಮಲಗಿಸಿದರು. ಹಿಂದಿನ ವರ್ಷ ಉಳಿದಿದ್ದ ಚಳಿಜ್ವರದ ಗುಳಿಗೆ ಕೊಟ್ಟರೂ ಜಗ್ಗಲಿಲ್ಲ. ಮೈತುಂಬ ಕೆಂಪು ಗಂಧೆ ಎದ್ದವು. ಜ್ವರ ಇಳಿಯಿತೆಂದು ಸಾವಕ್ಕ ದೇವರಿಗೆ ದೀಪ ಹಚ್ಚಿದ ಸಂಜೆಯೇ ಹೊಟ್ಟೆನೋವು ಶುರುವಾಯಿತು. ತಿಂಗಳು ತುಂಬದ ಗಂಡುಕೂಸು. ಅಳಲಿಲ್ಲ.

ಅಷ್ಟರಲ್ಲಿ ಅದೇ ಜ್ವರಕ್ಕೆ ಓಣಿಯ ಅರ್ಧ ಮಗ್ಗಗಳು ನಿಂತಿದ್ದವು. ರೋಣದ ಡಾಕ್ಟರು ಬಂದು ಎಲ್ಲರ ಮನೆ ಹೊಕ್ಕರು. ಗವಿಸಿದ್ದಪ್ಪನ ಮಗ್ಗದ ಕೋಣೆಯಲ್ಲಿ ತಂಬಿಗೆಯಿಂದ ಹರವಿಯ ನೀರು ಮೊಗೆದು ಬಾಗಿಲ ಬೆಳಕಿಗೆ ಹಿಡಿದರು.

“ಇವು ಬೆಳದು ಏನಾಗತಾವ, ಗೊತ್ತೇನು?”

“ನೀರಿನ ಹುಳ ಅಲ್ಲೇನ್ರಿ?”

“ಸೊಳ್ಳಿ ಮರಿ. ಇವಕ್ಕ ಗಟಾರ ಬೇಕಾಗಿಲ್ಲ, ತಿಳಿನೀರ ಬೇಕು. ಜ್ವರ ಬಂದವರನ್ನ ಕಡದು, ಮುಂದ ಮತ್ತೊಬ್ಬರಿಗೆ ಹಚ್ಚತಾವ. ಕಡಿಯೂದು ಹಗಲ ಹೊತ್ತು.”

ಗವಿಸಿದ್ದಪ್ಪ ಮುದಿಯಪ್ಪನ ಚಾಪೆ ಹಾಸಿದ್ದ ಜಾಗ ನೋಡಿದ, ಆಮೇಲೆ ಪಡಸಾಲೆಯ ಪರದೆಯ ಕಡೆ ನೋಡಿದ. ಡಾಕ್ಟರೂ ನೋಡಿದರು. ಪರದೆ ಒಳ್ಳೆಯದೇ, ಚಳಿಜ್ವರದ ಸೊಳ್ಳೆಗೆ ಬೇಕೇ ಬೇಕು ಎಂದರು. ವಾರಕ್ಕೊಮ್ಮೆ ಹರವಿ ಬರಿದುಮಾಡಿ ತಿಕ್ಕಿ ಬೋರಲು ಹಾಕಲು ಹೇಳಿ ಮುಂದಿನ ಮನೆಗೆ ಹೋದರು. ಅವನು ಅಂದೇ ನೀರು ಚೆಲ್ಲಿದ.

ಭಾದ್ರಪದದಲ್ಲಿ ರಾಜೂರಿನಿಂದ ಅಳಿಯ ಚಕ್ಕಡಿ ತಂದ. ಹೊರಡುವ ಮುಂಚೆ ಶಂಕ್ರವ್ವ ಅಪ್ಪನ ಕಾಲಿಗೆ ನಮಸ್ಕಾರ ಮಾಡಿದಳು. ಜ್ವರದ ಕೀಲುನೋವಿನಿಂದ ಅವಳಿಗೆ ಇನ್ನೂ ಬೆರಳು ಪೂರ್ತಿ ಮಡಚಲು ಬರುತ್ತಿರಲಿಲ್ಲ. ಗವಿಸಿದ್ದಪ್ಪ, ತಪ್ಪಾಯಿತೆಂದು ಹೇಳಲು ಹೋಗಿ, ಮುಂದಿನ ಸಲ ಹಂಗಾಗೂದಿಲ್ಲ ಎಂದ.

“ಮುಂದಿನ ಸಲ ರಾಜೂರಾಗ ಹಡಿತೇನಿ ಯಪ್ಪಾ,” ಎಂದು ಅವಳು ಚಕ್ಕಡಿ ಹತ್ತಿದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಆ ಶ್ರಾವಣದಲ್ಲಿ ಓಣಿಯ ಹತ್ತೊಂಬತ್ತು ಮಂದಿಗೆ ಜ್ವರ ಬಂತು, ಹತ್ತೊಂಬತ್ತು ಮಂದಿಯೂ ಎದ್ದರು. ಹೋದದ್ದು ಶಂಕ್ರವ್ವನ ಕೂಸು ಒಂದೇ. ಹಿಂದಿನ ವರ್ಷದ್ದನ್ನು ಕೂಡಿಸಿದರೆ ಎರಡು.