ವೆಂಕಟೇಶಪ್ಪನವರ ಹೊನ್ನಾರು

ವೆಂಕಟೇಶಪ್ಪನವರು ನಡೆಯುವಾಗ ರಸ್ತೆಯ ಅಗಲ ಅವರಿಗೆ ಬೇಕಾಗುವುದೇ ಇಲ್ಲ. ಒಂದು ಪಾದದ ಮುಂದೆ ಇನ್ನೊಂದನ್ನಿಟ್ಟು, ಬಲಭುಜವನ್ನು ತುಸು ತಗ್ಗಿಸಿ, ನಮಗೆ ಕಾಣದ ಜೋಡೆತ್ತಿನ ಹಿಂದೆ ಹೊರಟವರ ಹಾಗೆ ಒಂದೇ ಗೆರೆಯಲ್ಲಿ ಸಾಗುತ್ತಾರೆ. ಹಿಂದಿನಿಂದ ಆಫೀಸಿನ ಕ್ಯಾಬು ಎಷ್ಟೇ ಹಾರನ್ ಹೊಡೆದರೂ ಆ ಗೆರೆ ಡೊಂಕಾಗದು. ಇಸ್ತ್ರಿಯ ಬಿಳಿ ಪಂಚೆ, ಜೇಬಿನ ಫೋನು, ಮೂರಂತಸ್ತಿನ ಕಟ್ಟಡದ ಒಡೆತನ ಇವೆಲ್ಲ ಆಮೇಲೆ ಬಂದವು. ನಡಿಗೆ ಮಾತ್ರ ಉತ್ತು ಉತ್ತು ಬಂದದ್ದು.

ನಾನು ಆ ಕಟ್ಟಡದಲ್ಲಿ ಬಾಡಿಗೆಗಿದ್ದೇನೆ. ನಮ್ಮ ಹುಣಸೆದಿಣ್ಣೆ ಎಲೆಕ್ಟ್ರಾನಿಕ್ ಸಿಟಿಯ ನಡುವೆ ಸಿಕ್ಕಿಕೊಂಡ ಪುಟ್ಟ ಹಳ್ಳಿ. ನಾಲ್ಕು ಕಡೆಯೂ ಕಂಪನಿಗಳ ಕಾಂಪೌಂಡು, ಹೊರಹೋಗಲು ಒಂದೇ ದಾರಿ. ಮಳೆ ಬಂದು ಅದೂ ಮುಳುಗಿದರೆ ದ್ವೀಪವೇ ಸರಿ. ಡೆಲಿವರಿಯವರು ಇದನ್ನು ‘ಐಲ್ಯಾಂಡ್’ ಎಂದೇ ಕರೆಯುತ್ತಾರೆ, ಊರಿನವರಿಗೂ ಆ ಹೆಸರು ಒಗ್ಗಿಹೋಗಿದೆ. ಹೊಲಗಳು ಹೋಗಿ ಎಲ್ಲರೂ ಮನೆಮಾಲೀಕರಾದ ಮೇಲೂ ಈ ದ್ವೀಪವಾಸಿಗಳು ಒಂದನ್ನು ಬಿಟ್ಟಿರಲಿಲ್ಲ: ಯುಗಾದಿಯ ಬೆಳಿಗ್ಗೆ ಹೊನ್ನಾರು, ಅಂದರೆ ವರ್ಷದ ಮೊದಲ ಉಳುಮೆ. ಊರಿಗೆಲ್ಲ ಉಳಿದಿದ್ದ ಉಳುವ ನೆಲ ವೆಂಕಟೇಶಪ್ಪನವರ ಹಿತ್ತಲು, ಉಳಿದಿದ್ದ ಜೋಡೆತ್ತೂ ಅವರದೇ. ಆ ಎತ್ತುಗಳು ಕೆಳಗೆ ಕಾರಿನ ಜಾಗದಲ್ಲಿ ರಾಜರಂತೆ ಮಲಗಿದ್ದರೆ ನಮ್ಮ ಬೈಕುಗಳು ಬೀದಿಯಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದವು.

ಬಾಡಿಗೆಯವರ ಗೊಣಗಾಟ ತಾಳಲಾರದೆ ಅವರು ಈ ಸಲ ಹಿತ್ತಲಿಗೆ ಕಾಂಕ್ರೀಟ್ ಹಾಕಿಸಿ ಪಾರ್ಕಿಂಗ್ ಮಾಡಿಸಿದರು. ಕೆಲಸವೆಂದರೆ ಅಚ್ಚುಕಟ್ಟು, ಮೂಲೆಮೂಲೆಗೂ ಹಾಕಿಸಿದರು. ಹಬ್ಬದ ಹಿಂದಿನ ದಿನ ಎತ್ತುಗಳ ಮೈ ತೊಳೆಯುವಾಗಲೇ ಪತ್ನಿ ಭಾಗ್ಯಮ್ಮನವರಿಗೆ ಹೊಳೆದದ್ದು.

“ಅಲ್ಲಾ, ನಾಳೆ ಒನ್ನಾರು ಎಲ್ಲಿ ಕಟ್ತೀರಿ? ಸಿಮೆಂಟ್ ಮ್ಯಾಲಾ?”

ವೆಂಕಟೇಶಪ್ಪನವರು ಬಕೆಟ್ಟು ಇಟ್ಟು ಹಾಗೇ ಕೂತುಬಿಟ್ಟರು. ಅಪ್ಪ, ಅಜ್ಜ ಒಂದು ವರ್ಷವೂ ತಪ್ಪಿಸದ ಕೆಲಸ ತಮ್ಮ ಕಾಲಕ್ಕೆ ನಿಂತುಹೋಗುತ್ತದಲ್ಲ ಎಂದು ಅವರ ಮುಖ ಸಣ್ಣಗಾಯಿತು. ನನಗೆ ನೋಡಲಾಗಲಿಲ್ಲ.

ಪಕ್ಕದ ಮನೆಯ ಮುನಿಕೃಷ್ಣ ಸಮಾಧಾನ ಹೇಳಿದರು. “ಒಂದ್ ಲೋಡ್ ಮಣ್ಣು ಸುರಿಸ್ಬಿಡಣ್ಣ, ಶಾಸ್ತ್ರಕ್ಕೆ ಸಾಕು.”

“ತಂದ್ ಸುರಿದ್ರೆ ಅದು ಮಣ್ಣು ಕಣೋ. ಒಲ ಅಲ್ಲ.”

ಯುಗಾದಿಯ ಬೆಳಿಗ್ಗೆ ಕಾಂಕ್ರೀಟ್ ಒಡೆಯುವ ಯಂತ್ರದ ಸದ್ದಿಗೆ ಇಡೀ ಕಟ್ಟಡ ಎದ್ದು ಕೂತಿತು. ಇಣುಕಿದರೆ, ಹೊಸ ಪಂಚೆಯನ್ನು ಎತ್ತಿ ಕಟ್ಟಿದ ವೆಂಕಟೇಶಪ್ಪನವರು ತಾವೇ ಯಂತ್ರ ಹಿಡಿದು ತಮ್ಮ ಹೊಚ್ಚಹೊಸ ಪಾರ್ಕಿಂಗನ್ನು ಪುಡಿಮಾಡುತ್ತಿದ್ದರು. “ಸಾರ್, ನಿಮ್ ಗಾಡಿ ಒಂಚೂರು ಆಚೆ ತಗೊಳಿ!” ಎಂದು ನನ್ನತ್ತ ಕೂಗಿದ ದನಿಯಲ್ಲಿ ಹಬ್ಬದ ಉತ್ಸಾಹವೆಲ್ಲ ಇತ್ತು.

ಸದ್ದಿಗೆ ಊರೇ ಬಂತು. ಗರಿಗರಿ ಬಿಳಿ ಅಂಗಿಯ ಮಾಲೀಕರೆಲ್ಲ ಬಾಂಡ್ಲಿ ಹಿಡಿದು ಚೂರುಗಳನ್ನು ಆಚೆ ಸಾಗಿಸಿದರು. ಅಡಿಯಲ್ಲಿ ಕೆಮ್ಮಣ್ಣು ಇನ್ನೂ ತೇವವಾಗಿತ್ತು. ವೆಂಕಟೇಶಪ್ಪನವರು ನೇಗಿಲಿಗೆ ಎತ್ತು ಕಟ್ಟಿ ಉಳುತ್ತಾ ಸುತ್ತು ಬಂದರು. ಭಾಗ್ಯಮ್ಮನವರು ಹಿಂದೆಯೇ ರಾಗಿ ಚೆಲ್ಲಿದರು. “ಅಣ್ಣ, ನನಗೂ ಒಂದ್ ಸುತ್ತು ಕೊಡಣ್ಣ,” ಎಂದು ಚಪ್ಪಲಿ ಬಿಟ್ಟು ಮುಂದೆ ಬಂದವರು ಮುನಿಕೃಷ್ಣ. ಆಮೇಲೆ ಸಾಲೇ ನಿಂತಿತು. ನನ್ನ ಕಣ್ಣು ತುಂಬಿಬಂತು.

ಇಂಥವರನ್ನು ಕಂಡರೆ, ಭೂಮಿ ಮಾರಿ ಕೂತು ತಿನ್ನುವವರು ಎಂದು ಹಗುರವಾಗಿ ಆಡುವುದು ಹೊರಗಿನಿಂದ ಬಂದ ನಮ್ಮಂಥವರ ರೂಢಿ. ಹೊಲ ಮಾರಿದ್ದೂ ನಿಜ, ಮಾರಿ ಸುಖವಾಗಿರುವುದೂ ನಿಜ. ಆದರೆ ಕಟ್ಟಿಸಿದ್ದನ್ನು ಒಡೆದಾದರೂ ಸರಿಯೇ, ವರ್ಷಕ್ಕೊಮ್ಮೆ ಕೆಳಗಿನ ಮಣ್ಣನ್ನು ಮುಟ್ಟಿ ನೋಡದಿದ್ದರೆ ಇವರಿಗೆ ಹಬ್ಬದ ಹೋಳಿಗೆ ಗಂಟಲಲ್ಲಿ ಇಳಿಯುವುದಿಲ್ಲ.